ಮೂಲೆಯಿಂದ ಶುರುವಾಗುವ ಕೌದಿ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಬಗ್ಗೆ ಒಂದು ಲೇಖನ ಬೇಕೆಂದು ನಮ್ಮ ಸಮಾಜ ವಿಜ್ಞಾನದ ಸರ್ ಫೋನ್ ಮಾಡಿದ್ದರು. ಶಾಲೆಗೆ ಜಾಗ ಕೊಟ್ಟವರು, ಮೊದಲ ಮುಖ್ಯೋಪಾಧ್ಯಾಯರು, ಕಟ್ಟಡ ಎದ್ದ ವರ್ಷ, ಇವನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲ ಹಿರಿಯರು ಬರೆಯುತ್ತಾರೆ. ನನಗೆ ನೆನಪಾದದ್ದು ಎಸ್ಸೆಸ್ಸೆಲ್ಸಿ ವರ್ಷದ ರಾತ್ರಿ ಅಭ್ಯಾಸ. ಪರೀಕ್ಷೆಗೆ ಎರಡು ತಿಂಗಳಿರುವಾಗ ನಾವು ಹುಡುಗರೆಲ್ಲ ಮನೆಯಲ್ಲಿ ಊಟ ಮುಗಿಸಿ, ಬಗಲಲ್ಲಿ ಕೌದಿ ಹಿಡಿದುಕೊಂಡು ಶಾಲೆಗೆ ಬರುತ್ತಿದ್ದೆವು. ಪುಸ್ತಕ ಮುಚ್ಚಿದ ಮೇಲೆ ದೊಡ್ಡ ಕೋಣೆಯ ನೆಲದ ಮೇಲೆ 25-30 ಕೌದಿ ಸಾಲಾಗಿ ಹಾಸುತ್ತಿದ್ದೆವು. ಮುಸುಕು ಹಾಕಿ ಮಲಗಿದವನು ಯಾರ ಮನೆಯವನೆಂದು ಹೊದ್ದ ಕೌದಿ ನೋಡಿಯೇ ಹೇಳಬಹುದಿತ್ತು. ಒಂದರಂತೆ ಇನ್ನೊಂದು ಇರಲಿಲ್ಲ. ಅವನ್ನು ಯೋಚಿಸಿ ಜೋಡಿಸಿದವರು ಯಾರು ಎನ್ನುವುದೂ ಇತಿಹಾಸವಲ್ಲವೇ ಸರ್ ಎಂದು ಕೇಳಿದೆ. "ಅದನ್ನ ಬರಿಯಪಾ" ಎಂದರು.

ಸುಗ್ಗಿ ಮುಗಿದು ಬಿಸಿಲು ಏರಿದಾಗ ನಮ್ಮ ಮನೆಯಲ್ಲಿ ಕೌದಿ ಹೊಲಿಯುವ ಕಾಲ. ಅಡಿಗೆ ಹಳೆಯ ಇಳಕಲ್ ಸೀರೆ, ನಡುವೆ ಅಜ್ಜನ ಧೋತರ, ಮೇಲೆ ತುಂಡುಗಳು: ಗುಳೇದಗುಡ್ಡದ ಖಣದ ಕುಪ್ಪಸ, ಅಪ್ಪನ ಪಟ್ಟಿ ಅಂಗಿ, ನನ್ನ ಶಾಲೆಯ ನೀಲಿ ಚಡ್ಡಿ. ನನ್ನ ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಸೂಜಿ ಹಿಡಿಯುವ ಮೊದಲು ಎರಡು ದಿನ ಈ ತುಂಡುಗಳನ್ನು ಪಡಸಾಲೆಯ ತುಂಬ ಹರವುತ್ತಿದ್ದಳು. ಎದ್ದು ಕಂಬದ ಹತ್ತಿರ ನಿಂತು ನೋಡುವಳು, ಬಾಗಿಲ ಕಡೆಯಿಂದ ನೋಡುವಳು, ಒಂದು ಕೆಂಪು ತುಂಡನ್ನು ಎತ್ತಿ ಬೇರೆಡೆ ಇಡುವಳು. "ಕೆಂಪು ಕೆಂಪು ಕೂಡಿದ್ರ ಕಣ್ಣಿಗೆ ಬಡಿತೈತಿ" ಎನ್ನುವಳು. ತಲೆಕಡೆಗೆ ಮೆತ್ತನೆಯ ಹತ್ತಿ, ಕಾಲ್ಕಡೆಗೆ ಪ್ಯಾಂಟಿನ ಒರಟು ಬಟ್ಟೆ. ನಾನು ಅದನ್ನು ಆಟವೆಂದುಕೊಂಡು ತುಂಡುಗಳನ್ನು ತುಳಿದಾಡಿ ಬೈಸಿಕೊಳ್ಳುತ್ತಿದ್ದೆ.

ಬಿಇ ಓದಲು ಹಾಸ್ಟೆಲ್ಲಿಗೆ ಹೋದಾಗ ಅಂಥದೊಂದು ಕೌದಿ ನನ್ನ ಜೊತೆ ಬಂತು. ರೂಮಿನ ಇನ್ನಿಬ್ಬರು ಅಂಗಡಿಯ ರಗ್ಗು ತಂದಿದ್ದರು. ನಾನು ಕೌದಿಯನ್ನು ಮಂಚದ ಕೆಳಗೆ ತಳ್ಳಿದೆ. ನಾಲ್ಕನೆಯ ವರ್ಷದ ಕೊನೆಗೆ ರೂಮು ಖಾಲಿ ಮಾಡುವಾಗ ಅಲ್ಲಿಯೇ ಬಿಟ್ಟು ಬಂದೆ. ಮರೆತೆ ಎಂದು ಮನೆಯಲ್ಲಿ ಹೇಳಿದೆ. ಮರೆತಿರಲಿಲ್ಲ. ಆಯಿ ತೀರಿಕೊಂಡು ಆಗ ಒಂದು ವರ್ಷವಾಗಿತ್ತು.

ನೌಕರಿ ಸೇರಿದ ಮೇಲೆ ಆ ಕೌದಿ ಬಹಳ ಕಾಡಿತು. ಅದರ ಒಂದು ಫೋಟೋ ಕೂಡ ನಮ್ಮಲ್ಲಿಲ್ಲ. ಕೌದಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದವನು ಅಮೆರಿಕದ ಕೌದಿಗಳವರೆಗೆ ಹೋದೆ. ಅಲ್ಲಿ ಅದಕ್ಕೆ ಕ್ವಿಲ್ಟ್ ಎನ್ನುತ್ತಾರೆ. 19ನೆಯ ಶತಮಾನದಲ್ಲಿ ಅಲ್ಲಿ ಒಂದು ರೂಢಿ ಬಲವಾಗಿ ಬೆಳೆಯಿತು. ಇಡೀ ಕೌದಿಯನ್ನು ಒಟ್ಟಿಗೆ ಹರವುವ ಬದಲು ಮೊದಲು ಮೊಣಕಾಲ ಮೇಲೆ ಇಟ್ಟುಕೊಂಡು ಹೊಲಿಯುವಷ್ಟು ಚಿಕ್ಕದೊಂದು ಚೌಕ ಕಟ್ಟುವುದು. ಅದಕ್ಕೆ ಬ್ಲಾಕ್ ಎಂದು ಹೆಸರು. ಅಂಥ ಹತ್ತಾರು ಬ್ಲಾಕುಗಳಾದ ಮೇಲೆ ಅವನ್ನು ಜೋಡಿಸುವುದು.

ಲಾಗ್ ಕ್ಯಾಬಿನ್ ಎಂಬ ಬ್ಲಾಕ್ ನನಗೆ ಬಹಳ ಹಿಡಿಸಿತು. ನಡುವೆ ಸಣ್ಣ ಚೌಕ, ಹೆಚ್ಚಾಗಿ ಕೆಂಪು. ಸುತ್ತಲೂ ಮರದ ದಿಮ್ಮಿ ಪೇರಿಸಿದ ಹಾಗೆ ಪಟ್ಟಿಗಳು. ಕೂಡಿದ ಎರಡು ಬದಿಗೆ ತಿಳಿ ಬಣ್ಣ, ಉಳಿದೆರಡಕ್ಕೆ ಗಾಢ ಬಣ್ಣ. ಹೀಗೆ ಚೌಕ ಕರ್ಣದುದ್ದಕ್ಕೆ ಬೆಳಕು ನೆರಳಾಗಿ ಸೀಳುತ್ತದೆ. ಇಷ್ಟೇ. ಆದರೆ ಅದನ್ನು ಕಾಲು ಸುತ್ತು ತಿರುಗಿಸಿ ಇಡುತ್ತ ಹೋದರೆ ಒಮ್ಮೆ ಓರೆ ಸಾಲುಗಳು ಮೂಡುತ್ತವೆ, ಇನ್ನೊಮ್ಮೆ ಒಂದರೊಳಗೊಂದು ವಜ್ರಾಕೃತಿಗಳು. ಸಾಲಿನ ಜೋಡಣೆಗೆ ಅವರಿಟ್ಟ ಹೆಸರಿನ ಅರ್ಥ ನೇರ ನೇಗಿಲ ಸಾಲು. ಉಳುವವರ ಮನೆಯ ಹೆಂಗಸರೇ ಇಟ್ಟ ಹೆಸರಿರಬೇಕು. ವಜ್ರದ ಜೋಡಣೆಯ ಹೆಸರು ಊರವರೆಲ್ಲ ಸೇರಿ ಕಣಜದ ಕಟ್ಟಡ ಎತ್ತುವುದರಿಂದ ಬಂದದ್ದು. ಕೇವಲ 16 ಬ್ಲಾಕುಗಳನ್ನು ನಾಲ್ಕು ದಿಕ್ಕಿಗೆ ತಿರುಗಿಸುತ್ತ ಜೋಡಿಸಿದರೆ 429 ಕೋಟಿಗೂ ಹೆಚ್ಚು ಬಗೆಗಳಾಗುತ್ತವೆ. ಅವುಗಳಲ್ಲಿ ಕಣ್ಣಿಗೆ ಹಿತವಾದ ಒಂದನ್ನು ಆರಿಸುವುದು ಹೊಲಿಯುವವಳ ಕೆಲಸ.

ಕ್ಯಾನ್ಸಸ್ ಸಿಟಿ ಸ್ಟಾರ್ ಎಂಬ ಪತ್ರಿಕೆ 1928ರಿಂದ 1961ರವರೆಗೆ ಇಂಥ ಬ್ಲಾಕುಗಳ ನಕ್ಷೆ ಅಚ್ಚು ಹಾಕಿತು. ಹಳ್ಳಿಯ ಹೆಂಗಸರು ತಾವೇ ಕಟ್ಟಿದ ಹೊಸ ಬ್ಲಾಕುಗಳನ್ನು ಕಳಿಸುತ್ತಿದ್ದರು, ಪತ್ರಿಕೆ ಹೆಸರು ಸಹಿತ ಹಾಕುತ್ತಿತ್ತು. ಬಾರ್ಬರಾ ಬ್ರ್ಯಾಕ್‌ಮನ್ ಎಂಬ ಇತಿಹಾಸಕಾರ್ತಿ 4,000ಕ್ಕೂ ಹೆಚ್ಚು ವಿನ್ಯಾಸಗಳನ್ನು ಕಲೆಹಾಕಿ 1993ರಲ್ಲಿ ದೊಡ್ಡ ಗ್ರಂಥವನ್ನೇ ತಂದರು.

ಎಲ್ಲರೂ ನಕ್ಷೆ ನೋಡಿ ಹೊಲಿದವರಲ್ಲ. ಅಲಬಾಮಾ ರಾಜ್ಯದಲ್ಲಿ ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಊರಿದೆ. ಹತ್ತಿ ತೋಟದ ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು ಇರುವ ಊರು. ತೋಟದ ಮಾಲೀಕನ ಪೆಟ್‌ವೇ ಎಂಬ ಅಡ್ಡಹೆಸರೇ ಅಲ್ಲಿನ ಬಹಳ ಮಂದಿಗೆ ಉಳಿದಿದೆ. ಅವರು ಒಂದು ಬ್ಲಾಕನ್ನೇ ಇಡೀ ಕೌದಿಯಷ್ಟು ದೊಡ್ಡದಾಗಿ ಬೆಳೆಸುತ್ತಾರೆ, ಪಟ್ಟಿಯನ್ನು ಬೇಕೆಂದೇ ಓರೆ ಮಾಡುತ್ತಾರೆ. 1942ರಲ್ಲಿ ಮಿಸ್ಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ, ಅವನ ನೆನಪಿಗೆಂದು ಒಂದು ಕೌದಿ ಹೊಲಿದಳು. 1966ರಲ್ಲಿ ಆ ಪ್ರದೇಶದ ಹೆಂಗಸರು ಫ್ರೀಡಂ ಕ್ವಿಲ್ಟಿಂಗ್ ಬೀ ಎಂಬ ಸಹಕಾರ ಸಂಘ ಕಟ್ಟಿದರು. 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಜೀಸ್ ಬೆಂಡಿನ ಕೌದಿಗಳನ್ನು ಚಿತ್ರಗಳಂತೆ ಗೋಡೆಗೆ ತೂಗುಹಾಕಿದರು, ಪ್ರತಿಯೊಂದರ ಪಕ್ಕ ಹೊಲಿದವಳ ಹೆಸರಿತ್ತು. 2006ರಲ್ಲಿ ಅವು ಅಲ್ಲಿನ ಅಂಚೆಚೀಟಿಗಳ ಮೇಲೆ ಬಂದವು. ಇದನ್ನು ಓದಿದ ರಾತ್ರಿ ನನಗೆ ಆ ಮಂಚದ ಕೆಳಗಿನ ಜಾಗವೇ ಕಣ್ಮುಂದೆ ಬಂತು.

ಅಷ್ಟು ದೂರ ಹೋದವನು ನಮ್ಮದೇ ಕೋಣೆಯಲ್ಲಿ ಪಕ್ಕಕ್ಕೆ ಹಾಸಿದ್ದ ಕೌದಿಯನ್ನು ಕೊನೆಗೆ ಗಮನಿಸಿದೆ. ಹಳಿಯಾಳದ ಕಡೆಯಿಂದ ನಮ್ಮ ಶಾಲೆಗೆ ಸಿದ್ದಿ ಗೆಳೆಯರು ಬರುತ್ತಿದ್ದರಲ್ಲ, ಅವರ ಮನೆಯ ಕೌದಿಗೆ ಕವಂದಿ ಎನ್ನುತ್ತಾರೆ. ಸಿದ್ದಿಯರ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಬಹಳ ಜನರನ್ನು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಯಲ್ಲಾಪುರ, ಹಳಿಯಾಳ, ಮುಂಡಗೋಡಗಳಲ್ಲಿ ಇದ್ದಾರೆ. ಕವಂದಿಯಲ್ಲಿ ಬ್ಲಾಕ್ ಎಂಬುದೇ ಇಲ್ಲ. ಸೀರೆಯ ಒಂದು ಮೂಲೆಯಿಂದ ಹೊಲಿಗೆ ಹೊರಟು, ಅಂಚಿನ ಗುಂಟ ತುಂಡು ಕೂಡಿಸುತ್ತ ನಾಲ್ಕೂ ಬದಿ ಸುತ್ತಿ ಸುತ್ತಿ ನಡುವಿಗೆ ಬಂದು ಮುಗಿಯುತ್ತದೆ. ಕೊನೆಗೆ ನಾಲ್ಕು ಮೂಲೆಗೂ ಮಡಿಚಿದ ತ್ರಿಕೋನದ ತುಂಡು, ಅದಕ್ಕೆ ಫುಲ ಎಂದರೆ ಹೂ ಎಂದು ಹೆಸರು. ಅದಿಲ್ಲದೆ ಕವಂದಿ ಪೂರ್ತಿಯಾದಂತಲ್ಲ. ಕ್ರೈಸ್ತ ಸಿದ್ದಿಯರ ಕವಂದಿಯಲ್ಲಿ ಕೆಲವೊಮ್ಮೆ ಶಿಲುಬೆ, ಮುಸ್ಲಿಮರದ್ದರಲ್ಲಿ ಅರ್ಧಚಂದ್ರ ಕಾಣುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇಲ್ಲಿಗೆ ಬಂದು ಇವನ್ನು ಅಧ್ಯಯನ ಮಾಡಿದ ಮೇಲೆ ಕವಂದಿಗಳು ಅಮೆರಿಕದಲ್ಲೂ ಪ್ರದರ್ಶನ ಕಂಡವು. ರಾತ್ರಿ ಅಭ್ಯಾಸದಲ್ಲಿ ನಮ್ಮ ಗೆಳೆಯನ ಕೌದಿಯ ಮೂಲೆಯ ಹೂವನ್ನು ನಾವು ಕಿವಿ ಎಂದು ಎಳೆದು ನಗುತ್ತಿದ್ದೆವು.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ನಾನು ಬರೆದ ಒಂದು ಸಣ್ಣ ಪ್ರೋಗ್ರಾಂ ಅನ್ನು ಅವ್ವನಿಗೆ ತೋರಿಸಿದೆ. ಬಣ್ಣ ಕೊಟ್ಟರೆ ಸಾಕು, ಅದು ಚೌಕಗಳನ್ನು ತಿರುಗಿಸಿ ತಿರುಗಿಸಿ ಕೌದಿಯ ವಿನ್ಯಾಸ ಹಾಕುತ್ತದೆ. ಅವ್ವ ಕನ್ನಡಕ ಏರಿಸಿ ನೋಡಿದಳು. "ಚಂದ ಐತಿ. ಆದ್ರ ಇಷ್ಟು ನೀಲಿ ಅರಿವಿ ಎಲ್ಲಿಂದ ತರ್ತಿ? ನಿಮ್ಮಪ್ಪನ ಅಂಗಿ ಒಂದs ಐತಿ" ಎಂದಳು. ನಿಜ. ನನ್ನ ಪ್ರೋಗ್ರಾಂನಲ್ಲಿ ಬಟ್ಟೆ ಎಂದೂ ತೀರುವುದಿಲ್ಲ. ಆಯಿಯ ಹತ್ತಿರ ಖಣದ ತುಂಡು ಮೂರೇ ಇದ್ದವು. ಆ ಮೂರನ್ನು ಎಲ್ಲಿಟ್ಟರೆ ಇಡೀ ಕೌದಿ ಎದ್ದು ಕಾಣುತ್ತದೆ ಎಂದು ಅವಳು ಎರಡು ದಿನ ಕಂಬಕ್ಕೆ ಒರಗಿ ಲೆಕ್ಕ ಹಾಕುತ್ತಿದ್ದಳು.

ಸಂಚಿಕೆಯ ಓದುಗರಲ್ಲಿ ಒಂದು ಕೋರಿಕೆ. ಸಮಾರಂಭಕ್ಕೆ ಬರುವಾಗ ಮನೆಯಲ್ಲಿ ಹಳೆಯ ಕೌದಿ ಇದ್ದರೆ ತನ್ನಿ, ಹರಿದಿದ್ದರೂ ಅಡ್ಡಿಯಿಲ್ಲ. ಅದೇ ದೊಡ್ಡ ಕೋಣೆಯಲ್ಲಿ ಹಾಸಲು ಸರ್ ಒಪ್ಪಿದ್ದಾರೆ. ಹೊಲಿದವರ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಟಾಚಣಿ ಚುಚ್ಚಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಈಗಲೇ ಕೇಳಿಟ್ಟುಕೊಳ್ಳಿ. ನಾನು ತರುವುದು ಅವ್ವ ಈಗ ಹೊಲಿಯುತ್ತಿರುವ ಕೌದಿ. ಅಪ್ಪನ ಅಂಗಿ ಹಾಕಿಯಾಗಿದೆ, ನನ್ನ ಕಾಲೇಜಿನ ಎರಡು ಅಂಗಿಗಳೂ ಹೋಗಿವೆ. ನಡುವಿನ್ನೂ ಖಾಲಿ ಇದೆ.