ಕಾವ್ಯಚೌರ್ಯವೂ ಪಾರಿಜಾತದ ಇಬ್ಬರು ತಮ್ಮಣ್ಣರೂ

ಪರರ ಕೃತಿಯನ್ನು ತನ್ನದೆಂದು ಹೇಳಿಕೊಳ್ಳುವದು ಅಪರಾಧವೆಂಬ ಭಾವನೆಯು ಮುದ್ರಣಯಂತ್ರದೊಡನೆ ಪಶ್ಚಿಮದಿಂದ ಬಂದುದೆಂದು ಕೆಲವರು ತಿಳಿಯುವದುಂಟು. ಇದು ಸಾಧುವಲ್ಲ. ಏಳನೆಯ ಶತಮಾನದ ಬಾಣಭಟ್ಟನೇ ಹರ್ಷಚರಿತದ ಆರಂಭದಲ್ಲಿ ಕವಿಚೋರರನ್ನು ನಿಂದಿಸಿರುವನು. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನ್ಯಾಲೋಕದ ನಾಲ್ಕನೆಯ ಉದ್ಯೋತದಲ್ಲಿ, ಇಬ್ಬರು ಕವಿಗಳ ಉಕ್ತಿಗಳೊಳಗಿನ ಸಾದೃಶ್ಯವನ್ನು ಮೂರು ಬಗೆಯಾಗಿ ವಿಂಗಡಿಸಿದನು. ಒಂದು ಪ್ರತಿಬಿಂಬದಂತಹದು, ಇನ್ನೊಂದು ಚಿತ್ರದಂತಹದು, ಮತ್ತೊಂದು ಒಬ್ಬರನ್ನೊಬ್ಬರು ಹೋಲುವ ಇಬ್ಬರು ಮನುಷ್ಯರಂತಹದು. ಮೊದಲಿನ ಎರಡು ತ್ಯಾಜ್ಯ; ಮೂರನೆಯದಕ್ಕೆ ತನ್ನದೇ ಆದ ಜೀವವಿರುವದರಿಂದ ಅದು ಗ್ರಾಹ್ಯ. ರಾಜಶೇಖರನಂತೂ ಕಾವ್ಯಮೀಮಾಂಸೆಯಲ್ಲಿ ಶಬ್ದಹರಣವನ್ನು ಪದ, ಪಾದ, ಅರ್ಧ, ವೃತ್ತ, ಪ್ರಬಂಧಗಳೆಂದು ಐದು ಪ್ರಮಾಣಗಳಲ್ಲಿ ಅಳೆದಿರುವನು. ಈ ಗ್ರಂಥವು 1916ರಲ್ಲಿ ಬಡೋದೆಯ ಗಾಯಕವಾಡ ಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಮರೆಮಾಚಬಲ್ಲ ಕವಿಯ ಜಾಣ್ಮೆಯನ್ನು ರಾಜಶೇಖರನು ಮೆಚ್ಚುವನು. ಆ ಒಂದು ಸ್ಥಳದಲ್ಲಿ ನಾನು ಅವನ ಹಿಂದೆ ಹೋಗಲಾರೆನು.

ಐನಾಪುರದಲ್ಲಿ ಕುಳಿತು ಇದನ್ನು ವಿಚಾರಿಸುವವನು ಉದಾಹರಣೆಗಾಗಿ ಕಾಶ್ಮೀರಕ್ಕೆ ಹೋಗಬೇಕಾಗಿಲ್ಲ. ನಮ್ಮ ಬೆಳಗಾವಿ ಜಿಲ್ಲೆಯಲ್ಲಿಯೇ ಬೆಳೆದ ಶ್ರೀಕೃಷ್ಣಪಾರಿಜಾತವೆಂಬ ಬಯಲಾಟವನ್ನು ನೋಡಿದರೆ ಸಾಕು. ಅದರ ಮೂಲಕರ್ತೃ ಅಪರಾಳದ ತಮ್ಮಣ್ಣ. ಅದನ್ನು ತಿದ್ದಿ, ಬೆಳೆಯಿಸಿ, ಆಟಕ್ಕೆ ಒಗ್ಗಿಸಿ ಪ್ರಚಾರಕ್ಕೆ ತಂದವನು ಗೋಕಾವಿ ಸೀಮೆಯ ಕುಲಗೋಡದ ತಮ್ಮಣ್ಣ ಎಂಬುದು ವಿದ್ವಾಂಸರ ಅಭಿಪ್ರಾಯ. ಇಬ್ಬರ ಹೆಸರೂ ಒಂದೇ. ನಾನೂ ಬಹುಕಾಲ ಪಾಠದಲ್ಲಿ ‘ತಮ್ಮಣ್ಣನ ಪಾರಿಜಾತ’ವೆಂದಷ್ಟೇ ಹೇಳುತ್ತಿದ್ದೆನು. ಯಾವ ತಮ್ಮಣ್ಣನೆಂದು ವಿದ್ಯಾರ್ಥಿಯೊಬ್ಬನು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಇದು ಚೌರ್ಯವೇ? ಪಾರಿಜಾತಹರಣದ ಕಥೆಯು ಹರಿವಂಶ ಭಾಗವತಗಳದು. ಅದರಲ್ಲಿ ಯಾರ ಸ್ವಾಮ್ಯವೂ ಇಲ್ಲ. ಮೊದಲಿನವನ ಹಾಡು ಇದ್ದಂತೆಯೇ ಉಳಿದಲ್ಲಿ ಅದು ಪ್ರತಿಬಿಂಬ. ಎರಡನೆಯವನ ಕೈಯಲ್ಲಿ ಮಾತಿಗೂ ಹಾಡಿಗೂ ಹೊಸ ನಡೆ ಬಂದಲ್ಲಿ ಅದು ಬೇರೊಂದು ದೇಹ. ನನ್ನ ಮಟ್ಟಿಗೆ ಕುಲಗೋಡದವನು ಕಳ್ಳನಲ್ಲ. ಒಬ್ಬನ ಹೆಸರನ್ನಷ್ಟೇ ಹಾಕಿ ಪುಸ್ತಕ ಅಚ್ಚು ಹಾಕಿಸುವವನೂ ಹಾಗೆಯೇ ಪಾಠ ಹೇಳುವ ನಮ್ಮಂತಹವರೂ ಆ ದೋಷಕ್ಕೆ ಗುರಿಯಾಗುವೆವು.

ರಾಜಶಾಸನವು ಈ ಪ್ರಶ್ನೆಯನ್ನು ಅರ್ಧ ಮಾತ್ರ ಬಿಡಿಸುವದು. ಈ ದೇಶದಲ್ಲಿ 1847ರಲ್ಲಿಯೂ 1914ರಲ್ಲಿಯೂ ಗ್ರಂಥಸ್ವಾಮ್ಯದ ಕಾಯಿದೆಗಳಾದವು. ಈಗ ನಡೆಯುತ್ತಿರುವದು 1957ರದು. ಅದರಂತೆ ಗ್ರಂಥಕರ್ತನ ಜೀವಿತಾವಧಿ ಮತ್ತು ಅನಂತರದ 60 ವರ್ಷ ಸ್ವಾಮ್ಯವುಂಟು. ತಮ್ಮಣ್ಣರ ಹಾಡುಗಳನ್ನು ಇಂದು ಯಾರಾದರೂ ಅಚ್ಚು ಹಾಕಿಸಬಹುದು. ಇತ್ತೀಚಿನ ಸಂಪಾದಕನ ಪೀಠಿಕೆ ಟಿಪ್ಪಣಿಗಳನ್ನು ಅಪ್ಪಣೆಯಿಲ್ಲದೆ ಎತ್ತಿಕೊಳ್ಳಲಾಗದು. ನಾಲ್ಕು ಶಬ್ದ ಬದಲಿಸಿದರೆ ದೋಷ ಹೋಯಿತೆಂಬ ನಂಬಿಕೆ ವಿದ್ಯಾರ್ಥಿಗಳಲ್ಲಿಯೂ, ಸಂಕೋಚದಿಂದ ಹೇಳುತ್ತೇನೆ, ಅಧ್ಯಾಪಕರಲ್ಲಿಯೂ ಉಂಟು. ಅದೇ ಕಾಯಿದೆಯ 57ನೆಯ ಕಲಮು, ಹಕ್ಕನ್ನು ಮಾರಿಕೊಂಡವನಿಗೂ ‘ಇದು ನನ್ನ ಕೃತಿ’ ಎನ್ನುವ ಅಧಿಕಾರವನ್ನು ಉಳಿಸಿದೆ. ಆದರೆ ಅಪರಾಳದವನ ಪರವಾಗಿ ಕಚೇರಿಗೆ ಹೋಗುವವರಾರು?

ಆದುದರಿಂದ ಮೇಳಗಳವರ ಬಳಿಯಲ್ಲಿರುವ ಹಸ್ತಪ್ರತಿಗಳನ್ನು ಕೂಡಿಸಿ, ಒಂದೊಂದು ಹಾಡನ್ನೂ ತಾಳೆ ನೋಡಿ, ತಿಳಿದುಬಂದಲ್ಲಿ ಅದರ ಮಗ್ಗುಲಿಗೆ ‘ಅ’ ಎಂದೋ ‘ಕು’ ಎಂದೋ ಗುರುತು ಹಾಕಿದ ಒಂದು ಆವೃತ್ತಿಯು ಹೊರಡಬೇಕು. ಯಾರದೆಂದು ನಿರ್ಧರಿಸಲಾಗದ ಹಾಡಿನ ಮಗ್ಗುಲನ್ನು ಬರಿದಾಗಿ ಬಿಡತಕ್ಕದ್ದು.