ಕವಾಸ್ಜಿಯ ಮೂಗು ಮತ್ತು ಹೆಸರಿಲ್ಲದ ಶಸ್ತ್ರವೈದ್ಯ



ನಮ್ಮ ನುಡಿಯಲ್ಲಿ ಮೂಗು ಬರಿಯ ಅಂಗವಲ್ಲ, ಮಾನದ ಗುರುತು. ಶೂರ್ಪನಖಿಯ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಾಣ ತೆಗೆಯದೆಯೇ ಮನುಷ್ಯನನ್ನು ಸಮಾಜದಿಂದ ಹೊರಗಿಡುವ ಶಿಕ್ಷೆ ಮೂಗು ಕೊಯ್ಯುವುದು. ಆ ಕ್ರೌರ್ಯವಿದ್ದ ನಾಡಿನಲ್ಲಿಯೇ ಅದಕ್ಕೆ ಪರಿಹಾರವೂ ಬೆಳೆಯಿತು. ಶ್ರೀರಂಗಪಟ್ಟಣದ ರಣಭೂಮಿಯಿಂದ ಇದೇ ಲಂಡನ್ ನಗರದ ಚೆಲ್ಸೀವರೆಗೆ ಬಂದ ಆ ಪರಿಹಾರದ ಚರಿತ್ರೆಯನ್ನು ಈ ಸಂಜೆ ತಮ್ಮ ಮುಂದಿಡಲು ಬಯಸುತ್ತೇನೆ.

ಮೂರನೆಯ ಮೈಸೂರು ಯುದ್ಧ (1790-92) ಒಂದರ್ಥದಲ್ಲಿ ಎತ್ತುಗಳ ಯುದ್ಧ. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಳಿಗೆ ಬಂದಿದ್ದರೂ ಧಾನ್ಯವಿಲ್ಲದೆ, ಎತ್ತುಗಳು ಸತ್ತು, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. ಆದ್ದರಿಂದ ಎತ್ತು ಹೊಡೆಯುವವನು ಕತ್ತಿ ಹಿಡಿಯದಿದ್ದರೂ ಶತ್ರುವಿನ ಕಣ್ಣಿಗೆ ಬೀಳುತ್ತಿದ್ದ. ಅಂಥವರಲ್ಲೊಬ್ಬ ಕವಾಸ್ಜಿ; ಮರಾಠಾ ಒಕ್ಕಲಿನವನು, ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುತ್ತಿದ್ದವನು. 1792ರ ಕಾಳಗದಲ್ಲಿ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು.

ಇದನ್ನು ಬರೆದಿಟ್ಟವರು ಟಿಪ್ಪುವಿನ ಶತ್ರುಗಳು ಎಂಬುದನ್ನು ನಾವು ಮರೆಯಬಾರದು. ಆದರೆ ಈ ಪದ್ಧತಿ ಅವನ ಕಾಲಕ್ಕಿಂತ ಹಳೆಯದು. 1686ರಲ್ಲಿ ಬಿಜಾಪುರದವರು ತಮಗೆ ಸಿಕ್ಕ ಮೊಗಲ್ ಪಾಳೆಯದ ಆಳುಗಳ ಮೂಗು ಕೊಯ್ದುದನ್ನು ವೆನಿಸ್ಸಿನ ಪ್ರವಾಸಿ ಮನುಚ್ಚಿ ದಾಖಲಿಸಿದ್ದಾನೆ. ಅಲ್ಲಿನ ವೈದ್ಯರು ಹಣೆಯ ಚರ್ಮವನ್ನು ಇಳಿಸಿ ಹೊಸ ಮೂಗು ಕಟ್ಟುತ್ತಿದ್ದುದನ್ನೂ ಅವನೇ ಹೇಳುತ್ತಾನೆ. ಕನ್ನಡ ನೆಲದ ಮಟ್ಟಿಗೆ ಇದು ಅಮೂಲ್ಯವಾದ ಸಾಕ್ಷ್ಯ.

ಕವಾಸ್ಜಿ ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಮೂಗಿಲ್ಲದೆ ಬದುಕಿದ. ಬಳಿಕ ಪುಣೆಯ ಸಮೀಪದಲ್ಲಿ, ಇಟ್ಟಿಗೆ ಮಾಡುವ ಜಾತಿಯ ಒಬ್ಬನು ಅವನಿಗೆ ಮೂಗು ಮಾಡಿಕೊಟ್ಟ. ಆ ವಿಧಾನ ಹೀಗಿತ್ತು. ಮೊದಲು ತೆಳುವಾದ ಮೇಣದ ಹಾಳೆಯನ್ನು ಉಳಿದ ಮೋಟಿನ ಮೇಲಿಟ್ಟು ಮೂಗಿನ ಆಕಾರಕ್ಕೆ ತಿದ್ದುವುದು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿರಿಸಿ ಸುತ್ತಲೂ ಗೆರೆ ಎಳೆಯುವುದು. ಆ ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಕಿರಿದಾದ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುವುದು. ಇಡೀ ವಿದ್ಯೆಯ ಮರ್ಮವಿರುವುದು ಆ ಪಟ್ಟಿಯಲ್ಲಿ: ಹೊಸ ಜಾಗದಲ್ಲಿ ಬೆಸೆದುಕೊಳ್ಳುವವರೆಗೆ ಚರ್ಮಕ್ಕೆ ರಕ್ತ ಹರಿಯುವುದು ಅದರ ಮೂಲಕವೇ. ಅನಂತರ ಮೋಟಿನ ಹಳೆಯ ಗಾಯವನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಗಿಳಿಸಿ, ಅಂಚನ್ನು ಗಾಯದ ಸೀಳಿಗೆ ಸೇರಿಸುವುದು. ನೀರಿನಲ್ಲಿ ಮೆದುಮಾಡಿದ ಕಾಚನ್ನು ಸವರಿದ ಐದಾರು ಬಟ್ಟೆಯ ಪಟ್ಟಿಗಳೇ ಕಟ್ಟು. ನಾಲ್ಕು ದಿನಗಳ ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯ ಚೂರುಗಳು. ಸುಮಾರು ಇಪ್ಪತ್ತೈದನೆಯ ದಿನ ಆ ಪಟ್ಟಿಗೆ ಕತ್ತರಿ.

ಬೊಂಬಾಯಿಯ ಇಂಗ್ಲಿಷ್ ವೈದ್ಯರಾದ ಕ್ರೂಸೋ ಮತ್ತು ಫಿಂಡ್ಲೇ ಈ ಬಗೆಯ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡಿದ್ದರು. ಹತ್ತು ತಿಂಗಳ ಬಳಿಕ, 1794ರ ಜನವರಿಯಲ್ಲಿ, ಜೇಮ್ಸ್ ವೇಲ್ಸ್ ಎಂಬ ಚಿತ್ರಕಾರ ಕವಾಸ್ಜಿಯ ಚಿತ್ರ ಬರೆದ. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆ ಚಿತ್ರಸಹಿತವಾಗಿ ಈ ವೃತ್ತಾಂತವನ್ನು ಪ್ರಕಟಿಸಿತು. ಯುರೋಪು ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. 1597ರಲ್ಲಿ ಬೊಲೋನ್ಯದ ತಾಲ್ಯಾಕೋತ್ಸಿ ತೋಳಿನ ಚರ್ಮದಿಂದ ಮೂಗು ಕಟ್ಟುವ ಕ್ರಮವನ್ನು ಗ್ರಂಥಸ್ಥ ಮಾಡಿದ್ದನಾದರೂ ಅಲ್ಲಿ ಅದು ಬಹುಮಟ್ಟಿಗೆ ಮರೆತುಹೋಗಿತ್ತು.

ಇಪ್ಪತ್ತು ವರ್ಷಗಳು ಕಳೆದವು. ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಮೊದಲು ಶವಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಚೆಲ್ಸೀಯ ಯಾರ್ಕ್ ಆಸ್ಪತ್ರೆಯಲ್ಲಿ, ಪಾದರಸದ ಔಷಧದಿಂದ ಮೂಗು ಕಳೆದುಕೊಂಡಿದ್ದ ಸೇನಾಧಿಕಾರಿಯೊಬ್ಬನಿಗೆ ಇದೇ ಕ್ರಮದಲ್ಲಿ ಮೂಗು ಕಟ್ಟಿದ. ಈಥರ್ ಬಳಕೆಗೆ ಬಂದದ್ದು 1846ರಲ್ಲಿ. ರೋಗಿ ಆ ನೋವನ್ನು ಎಚ್ಚರದಲ್ಲೇ ಸಹಿಸಿದ. 1816ರಲ್ಲಿ ಕಾರ್ಪ್ಯೂವಿನ ಪುಸ್ತಕ ಹೊರಬಂದು, ಈ ಕ್ರಮಕ್ಕೆ ‘ಭಾರತೀಯ ವಿಧಾನ’ ಎಂಬ ಹೆಸರು ನಿಂತಿತು. ಚರ್ಮದ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಇಂದಿಗೂ ಹಣೆಯ ಚರ್ಮವೇ ಆಸರೆ. ಇಂದಿನ ವೈದ್ಯರೂ ಸಾಮಾನ್ಯವಾಗಿ ಮೂರು ವಾರ ಕಾದು ಆ ಪಟ್ಟಿಯನ್ನು ಕತ್ತರಿಸುತ್ತಾರೆ.

ಇಲ್ಲಿ ನಾವು ‘ಎಲ್ಲವೂ ಸುಶ್ರುತನಲ್ಲಿ ಉಂಟು’ ಎಂದು ಎದೆ ತಟ್ಟಿಕೊಳ್ಳುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಸುಶ್ರುತಸಂಹಿತೆ ಮೂಗಿನ ಅಳತೆಗೆ ಎಲೆ ಕತ್ತರಿಸಿ, ಅದರಂತೆ ಚರ್ಮ ಬಿಡಿಸಿ ಕೂಡಿಸುವುದನ್ನು ವಿವರಿಸುತ್ತದೆ, ನಿಜ. ಆದರೆ ಅಲ್ಲಿ ಹೇಳಿರುವುದು ಕೆನ್ನೆಯ ಚರ್ಮ, ಹಣೆಯದಲ್ಲ. ಗ್ರಂಥದಿಂದ ಹಣೆಯವರೆಗಿನ ಆ ಹೆಜ್ಜೆಯನ್ನು ಇಟ್ಟವರು ಯಾರು? ಮಣ್ಣು ಕಲಸಿ ಆಕಾರ ಕೊಟ್ಟು ಪಳಗಿದ ಕೈಗಳಲ್ಲಿ ಈ ವಿದ್ಯೆ ಉಳಿದಿತ್ತು ಎಂಬುದನ್ನಷ್ಟೇ ಕವಾಸ್ಜಿಯ ವೃತ್ತಾಂತ ತೋರಿಸುತ್ತದೆ.

ಈ ಕಥೆಯಲ್ಲಿ ರೋಗಿಯ ಹೆಸರುಂಟು, ನೋಡಿದವರ ಹೆಸರುಂಟು, ಚಿತ್ರ ಬರೆದವನ ಹೆಸರುಂಟು, ಅನುಕರಿಸಿದವನ ಹೆಸರೂ ಉಂಟು. ಮಾಡಿದವನ ಹೆಸರು ಮಾತ್ರ ಇಲ್ಲ. ಇಂಗ್ಲಿಷರ ಪತ್ರಿಕೆ ಅವನ ಜಾತಿಯನ್ನು ಬರೆಯಿತು, ಹೆಸರನ್ನು ಬಿಟ್ಟಿತು. ನಾವಾದರೋ ಶಾಸ್ತ್ರವನ್ನು ಪೂಜಿಸಿ, ಶಸ್ತ್ರ ಹಿಡಿದ ಕೈಯನ್ನು ಪಾಠಶಾಲೆಯ ಹೊರಗೆ ನಿಲ್ಲಿಸಿದೆವು. ಈ ದೇಶದಲ್ಲಿ ವೈದ್ಯವಿದ್ಯೆ ಓದುತ್ತಿರುವ ನಮ್ಮ ಮಕ್ಕಳಿಗೆ ಸುಶ್ರುತನ ಹೆಸರನ್ನು ಅಗತ್ಯವಾಗಿ ಹೇಳೋಣ. ಅದರೊಡನೆ ಪುಣೆಯ ಆ ಇಟ್ಟಿಗೆಯವನ ಕಥೆಯನ್ನೂ ಹೇಳೋಣ; ಅವನಿಗೆ ನಾವು ಇನ್ನೂ ತೀರಿಸದ ಋಣವೊಂದಿದೆ.