ಗುರುತು ಬೇರೆ, ಪರಿಚಯ ಬೇರೆ



ಎಸ್ಸೆಸ್ಸೆಲ್ಸಿಯಲ್ಲಿ ತೆಗೆಸಿಕೊಂಡ ಗ್ರೂಪ್ ಫೋಟೊ ನಿಮ್ಮ ಬಳಿ ಇನ್ನೂ ಇದೆಯೇ? ಇದ್ದರೆ ಒಮ್ಮೆ ತೆಗೆದು ನೋಡಿ. ನೀವು ಊರು ಬಿಟ್ಟು ಈ ಮಹಾನಗರಕ್ಕೆ ಬಂದು ಇಪ್ಪತ್ತೋ ಮೂವತ್ತೋ ವರ್ಷಗಳಾಗಿರಬಹುದು. ಹಿಂದಿನ ಸಾಲಿನಲ್ಲಿ ನಿಂತ ಗೆಳೆಯನ ಹೆಸರು ಎಷ್ಟು ತಡಕಾಡಿದರೂ ಸಿಗುವುದಿಲ್ಲ. ಮುಖ ಮಾತ್ರ ಥಟ್ಟನೆ ಗುರುತು ಸಿಗುತ್ತದೆ. ಆದರೆ ಇವತ್ತು ಬೆಳಿಗ್ಗೆ ನಿಮಗೆ ಟಿಕೆಟ್ ಕೊಟ್ಟವರ ಮುಖ ನೆನಪಿದೆಯೇ? ಹತ್ತು ಜನರ ನಡುವೆ ನಿಲ್ಲಿಸಿದರೆ ಆಣೆ ಮಾಡಿ ಹೇಳಬಲ್ಲಿರಾ?

ಕಂಡದ್ದನ್ನು ಗುರುತಿಸುವ ನಮ್ಮ ಈ ಶಕ್ತಿಯನ್ನು ವಿಜ್ಞಾನಿಗಳು ನೂರೈವತ್ತು ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ. ಆ ಕಥೆ ಸ್ವಾರಸ್ಯವಾಗಿದೆ. ಅದರೊಳಗೆ ಒಂದು ಎಚ್ಚರಿಕೆಯೂ ಇದೆ.

ಮೊದಲು ಬಂದದ್ದು ಸಂಖ್ಯೆಯ ಸರದಿ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟಾನ್ಲಿ ಜೆವನ್ಸ್ ಕಪ್ಪು ಬೀನ್ಸ್ ಕಾಳುಗಳನ್ನು ಹಿಡಿ ತುಂಬ ತೆಗೆದುಕೊಂಡು ಒಂದು ಡಬ್ಬಿಯತ್ತ ಎಸೆಯುತ್ತಿದ್ದ. ಒಳಗೆ ಬಿದ್ದವು ಎಷ್ಟು ಎಂದು ಎಣಿಸದೆ, ಒಂದೇ ನೋಟಕ್ಕೆ ಹೇಳಬೇಕು. ಆಮೇಲೆ ಎಣಿಸಿ ತಾಳೆ ನೋಡಬೇಕು. ಹೀಗೆ 1,027 ಸಲ ತನ್ನನ್ನೇ ಪರೀಕ್ಷಿಸಿಕೊಂಡು, 1871ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದ. ಕಾಳು ಮೂರೋ ನಾಲ್ಕೋ ಇದ್ದಾಗ ಒಮ್ಮೆಯೂ ತಪ್ಪಲಿಲ್ಲ. ಐದಾದಾಗ ತಪ್ಪು ಶುರುವಾಯಿತು, ಸಂಖ್ಯೆ ಏರಿದಂತೆ ತಪ್ಪೂ ಏರಿತು. ಕಣ್ಣಿಗೂ ಒಂದು ಮಿತಿಯಿದೆ ಎಂಬುದು ಅಂಕಿಗಳಲ್ಲಿ ಸಿಕ್ಕಿತು.

ಆದರೆ ಚಿತ್ರಗಳ ವಿಷಯಕ್ಕೆ ಬಂದಾಗ ಆ ಮಿತಿ ಎಲ್ಲಿ ಹೋಯಿತೋ ಎನ್ನುವಂತಾಯಿತು. 1967ರಲ್ಲಿ ಅಮೆರಿಕದ ರೋಜರ್ ಶೆಪರ್ಡ್ 612 ಚಿತ್ರಗಳನ್ನು ತೋರಿಸಿ, ನಂತರ ಹಳೆಯದೊಂದು ಹೊಸದೊಂದು ಜೋಡಿಸಿಟ್ಟು ‘ನೋಡಿದ್ದು ಯಾವುದು?’ ಎಂದು ಕೇಳಿದ. ಶೇಕಡಾ 97ರಷ್ಟು ಉತ್ತರ ಸರಿ ಬಂತು. 1973ರಲ್ಲಿ ಕೆನಡಾದ ಲಯನೆಲ್ ಸ್ಟ್ಯಾಂಡಿಂಗ್ ಐದು ದಿನಗಳಲ್ಲಿ ಹತ್ತು ಸಾವಿರ ಚಿತ್ರ ತೋರಿಸಿದ. ಪರೀಕ್ಷೆ ಮಾಡಿದಾಗ ಶೇಕಡಾ 83ರಷ್ಟು ಸರಿ!

ಮುಖಗಳ ಮಾತು ಇನ್ನೂ ವಿಶೇಷ. 1969ರಲ್ಲಿ ರಾಬರ್ಟ್ ಯಿನ್ ಎಂಬ ಸಂಶೋಧಕ ಮುಖ, ಮನೆ, ವಿಮಾನಗಳ ಚಿತ್ರಗಳನ್ನು ನೆಟ್ಟಗೂ ತಲೆಕೆಳಗಾಗಿಯೂ ತೋರಿಸಿದ. ನೆಟ್ಟಗಿದ್ದಾಗ ಎಲ್ಲಕ್ಕಿಂತ ಚೆನ್ನಾಗಿ ನೆನಪಿದ್ದದ್ದು ಮುಖ. ತಲೆಕೆಳಗು ಮಾಡಿದಾಗ ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದೂ ಮುಖವೇ. ಅಂದರೆ ಮುಖವನ್ನು ನಾವು ಬೇರೆಯದೇ ರೀತಿ ನೋಡುತ್ತೇವೆ. 1975ರಲ್ಲಿ ಹ್ಯಾರಿ ಬಾರಿಕ್ ಮತ್ತು ಸಂಗಡಿಗರು 392 ಜನರಿಗೆ ಅವರವರ ಹೈಸ್ಕೂಲ್ ಸಹಪಾಠಿಗಳ ಫೋಟೊ ತೋರಿಸಿದರು. ಶಾಲೆ ಬಿಟ್ಟು ಮೂವತ್ತೈದು ವರ್ಷಗಳಾದವರೂ ಶೇಕಡಾ 90ರ ಆಸುಪಾಸು ಗುರುತು ಹಿಡಿದರು. ನಿಮ್ಮ ಗ್ರೂಪ್ ಫೋಟೊದ ಗುಟ್ಟು ಇದೇ.

ಇಷ್ಟು ಕೇಳಿದ ಮೇಲೆ ‘ಕಣ್ಣಾರೆ ಕಂಡದ್ದು ಸುಳ್ಳಾಗದು’ ಎಂದು ನೀವೂ ಹೇಳಬಹುದು. ತಡೆಯಿರಿ. ಸಹಪಾಠಿಗಳನ್ನು ನಾವು ವರ್ಷಗಟ್ಟಲೆ ನೋಡಿರುತ್ತೇವೆ: ಬಿಸಿಲಲ್ಲಿ, ನೆರಳಲ್ಲಿ, ನಗುವಾಗ, ಅಳುವಾಗ. ಅಪರಿಚಿತರನ್ನು ನೋಡುವುದು ಒಂದೇ ಸಲ.

1997ರಲ್ಲಿ ರಿಚರ್ಡ್ ಕೆಂಪ್ ಮತ್ತು ಸಂಗಡಿಗರು ಬ್ರಿಟನ್ನಿನ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಫೋಟೊ ಇರುವ ಕ್ರೆಡಿಟ್ ಕಾರ್ಡ್‌ಗಳ ಪ್ರಯೋಗ ನಡೆಸಿದರು. ಬೇರೆಯವರ ಫೋಟೊ ಇದ್ದ ಕಾರ್ಡ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವನ್ನು ಕ್ಯಾಷಿಯರ್‌ಗಳು ಸರಿಯೆಂದು ಒಪ್ಪಿಕೊಂಡರು. ಎದುರಿಗೇ ಮನುಷ್ಯ, ಕೈಯಲ್ಲೇ ಫೋಟೊ! ಅಭ್ಯಾಸವಿದ್ದರೆ ಸರಿಹೋದೀತೇ? 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಆಸ್ಟ್ರೇಲಿಯಾದ ಪಾಸ್‌ಪೋರ್ಟ್ ಅಧಿಕಾರಿಗಳೂ ಬೇರೆಯವರ ಫೋಟೊವನ್ನು ಶೇಕಡಾ 14ರಷ್ಟು ಸಲ ಒಪ್ಪಿಬಿಟ್ಟಿದ್ದರು. ಎಷ್ಟು ವರ್ಷ ಸರ್ವಿಸ್ ಆಗಿದೆ ಎಂಬುದರಿಂದ ಏನೂ ವ್ಯತ್ಯಾಸ ಬೀಳಲಿಲ್ಲ.

ಇದು ಬರೀ ಪ್ರಯೋಗಶಾಲೆಯ ಮಾತಲ್ಲ. ಈ ಪ್ರಯೋಗಗಳಿಗೆ ಎಷ್ಟೋ ಮೊದಲೇ ಲಂಡನ್ನಿನಲ್ಲಿ ಅಡಾಲ್ಫ್ ಬೆಕ್ ಎಂಬುವನು ಇದರ ಬೆಲೆ ತೆತ್ತಿದ್ದ. 1896ರಲ್ಲಿ ಹಲವು ಮಹಿಳೆಯರು ನ್ಯಾಯಾಲಯದಲ್ಲಿ ‘ನಮಗೆ ಮೋಸ ಮಾಡಿದವನು ಇವನೇ’ ಎಂದು ಬೆರಳು ತೋರಿಸಿದರು. ಏಳು ವರ್ಷ ಶಿಕ್ಷೆಯಾಯಿತು. ಬಿಡುಗಡೆಯಾದ ಮೇಲೆ 1904ರಲ್ಲಿ ಮತ್ತೆ ಅಂಥದೇ ದೂರು, ಮತ್ತೆ ಅದೇ ಗುರುತು, ಮತ್ತೆ ಅಪರಾಧಿ ಎಂಬ ತೀರ್ಪು. ಅಷ್ಟರಲ್ಲಿ ನಿಜವಾದ ವಂಚಕ ಸಿಕ್ಕಿಬಿದ್ದ. ಬೆಕ್ ನಿರಪರಾಧಿ. ಆ ಮಹಿಳೆಯರು ಸುಳ್ಳು ಹೇಳಿರಲಿಲ್ಲ, ಮನಸಾರೆ ನಂಬಿದ್ದರು. ಅದೇ ದುರಂತ. ಈ ಪ್ರಕರಣದ ಬಿಸಿಯಿಂದಾಗಿ 1907ರಲ್ಲಿ ಇಂಗ್ಲೆಂಡಿನಲ್ಲಿ ಅಪರಾಧ ಮೇಲ್ಮನವಿ ನ್ಯಾಯಾಲಯಕ್ಕೆ ಕಾನೂನು ಬಂತು.

ನಮ್ಮಲ್ಲೂ ಪೊಲೀಸ್ ತನಿಖೆಯಲ್ಲಿ ‘ಗುರುತು ಪತ್ತೆ ಪರೇಡ್’ ಇದೆ. ಆದರೆ ಅದು ತನಿಖೆಗೆ ನೆರವೇ ಹೊರತು ತಾನಾಗಿಯೇ ಪೂರ್ಣ ಸಾಕ್ಷ್ಯವಲ್ಲ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ.

ಕನ್ನಡದಲ್ಲಿ ನಾವು ‘ಗುರುತು ಪರಿಚಯ ಇಲ್ಲದವರು’ ಎಂದು ಎರಡೂ ಪದಗಳನ್ನು ಜೋಡಿಸಿಯೇ ಹೇಳುತ್ತೇವೆ. ವಿಜ್ಞಾನಿಗಳು ಇಷ್ಟು ದೂರ ನಡೆದು ಕಂಡುಕೊಂಡದ್ದೂ ಅದನ್ನೇ: ಪರಿಚಯವಿಲ್ಲದ ಕಡೆ ಗುರುತು ಗಟ್ಟಿಯಲ್ಲ. ಸಾವಿರಾರು ಹೊಸ ಮುಖಗಳ ನಡುವೆ ದಿನ ಕಳೆಯುವ ನಾವು ಇದನ್ನು ಮರೆಯಬಾರದು. ಕಳವೋ ಅಪಘಾತವೋ ಕಂಡು, ‘ಇವನೇನಾ?’ ಎಂದು ಯಾರಾದರೂ ನಿಮ್ಮನ್ನು ಕೇಳಿದರೆ, ಖಾತ್ರಿಯಿಲ್ಲದಿದ್ದಾಗ ‘ಗೊತ್ತಿಲ್ಲ ಸಾರ್’ ಎನ್ನಲು ಸಂಕೋಚ ಬೇಡ. ಆ ಒಂದು ಮಾತಿನಿಂದ ಯಾರದೋ ಮನೆಯ ಮಗ ಜೈಲಿನ ಹೊರಗೆ ಉಳಿಯಬಹುದು.